ಮನೆಯೊಳಗಿನ ಗಿಡದ ಟೆಂಟಿಗೆ ಗಾಳಿ: ತೂತು, ಕಂಪ್ಯೂಟರ್ ಫ್ಯಾನ್, ಎಕ್ಸಾಸ್ಟ್, ಇನ್‌ಲೈನ್ – ಯಾವುದು ಯಾರಿಗೆ?

ಬೆಂಗಳೂರಿನ ನಮ್ಮ ಮನೆಯಲ್ಲಿ, ಯುಟಿಲಿಟಿ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಟೆಂಟ್ ಇದೆ. ನಾನೇ ಕಟ್ಟಿದ್ದು. ಅರ್ಧ ಇಂಚಿನ ಪಿವಿಸಿ ಪೈಪಿನ ಚೌಕಟ್ಟು, ಸುತ್ತ ಬಿಳಿ ಫ್ಲೆಕ್ಸ್, ಮುಂದೊಂದು ಜಿಪ್. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಐದು ಅಡಿ ಎತ್ತರ. ಒಳಗೆ 60 ವಾಟಿನ ಎಲ್‌ಇಡಿ. ಬೆಳೆಯುವುದು ಲೆಟ್ಯೂಸ್, ಬೇಸಿಲ್, ಪುದೀನ. ನಡುನಡುವೆ ಬಾಲ್ಕನಿಗೆ ಬೇಕಾದ ಟೊಮೆಟೊ, ಮೆಣಸಿನಕಾಯಿ ಸಸಿಗಳು.

ಮೊದಲ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಜಿಪ್ ತೆಗೆದಾಗ ಹಸಿ ಗೋಡೆಯ ವಾಸನೆ ಮುಖಕ್ಕೆ ಬಡಿಯಿತು. ಟ್ರೇಯಲ್ಲಿದ್ದ ಟೊಮೆಟೊ ಸಸಿಗಳಲ್ಲಿ ಅರ್ಧಕ್ಕರ್ಧ ಮಲಗಿದ್ದವು. ಎಲೆ ಇನ್ನೂ ಹಸಿರಾಗೇ ಇತ್ತು. ಆದರೆ ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ನೀರಲ್ಲಿ ನೆನೆದ ಹಾಗೆ ಕಂದು ಬಣ್ಣಕ್ಕೆ ತಿರುಗಿ, ಹೊಲಿಗೆ ದಾರದಷ್ಟು ತೆಳ್ಳಗಾಗಿತ್ತು. ಮುಟ್ಟಿದರೆ ಕೈಗೇ ಬಂತು. ಇದಕ್ಕೆ ಸಸಿ ಕೊಳೆ ರೋಗ ಅನ್ನುತ್ತಾರೆ. ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಮಾಡುವ ಕೆಲಸ. ಮಣ್ಣಿನ ಮೇಲ್ಮೈ ಸದಾ ಒದ್ದೆಯಾಗಿದ್ದು ಗಾಳಿ ನಿಂತುಬಿಟ್ಟರೆ ಅವಕ್ಕೆ ಹಬ್ಬ. ಆಗ ನನ್ನ ಟೆಂಟಿನಲ್ಲಿ ಮೇಲೊಂದು, ಕೆಳಗೊಂದು ತೂತು ಬಿಟ್ಟರೆ ಗಾಳಿಗೆ ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ವ್ಯವಸ್ಥೆಗಳನ್ನು ಮಾಡಿ ನೋಡಿದ್ದೇನೆ. ಹೊಸದಾಗಿ ಟೆಂಟ್ ಕಟ್ಟುವವರು ಕೇಳುವ ಮೊದಲ ಪ್ರಶ್ನೆ "ಯಾವ ಫ್ಯಾನ್ ತಗೊಳ್ಳಲಿ?" ಅಂತ. ನಾನು ಮೊದಲು ಕೇಳುವುದು "ಟೆಂಟ್ ಯಾವ ಕೋಣೆಯಲ್ಲಿ ಇಡ್ತೀರಿ?" ಅಂತ. ಯಾಕೆಂದರೆ ಎಷ್ಟೇ ದೊಡ್ಡ ಫ್ಯಾನ್ ಹಾಕಿದರೂ ಟೆಂಟ್ ಕೋಣೆಗಿಂತ ತಣ್ಣಗಾಗುವುದಿಲ್ಲ. ಫ್ಯಾನ್ ಮಾಡುವುದು ಒಂದೇ ಕೆಲಸ: ಒಳಗಿನ ಗಾಳಿ ಹೊರಗೆ ಹಾಕಿ, ಕೋಣೆಯ ಗಾಳಿಯನ್ನು ಒಳಗೆ ತರುವುದು. ಕೋಣೆ 36 ಡಿಗ್ರಿ ಇದ್ದರೆ ಟೆಂಟಿಗೆ ಬರುವುದೂ 36 ಡಿಗ್ರಿಯ ಗಾಳಿಯೇ. ಲೆಟ್ಯೂಸ್‌ಗೆ ಹಿತವಾಗಿರುವುದು 18ರಿಂದ 24 ಡಿಗ್ರಿ. ಸೆಕೆ ಜಾಸ್ತಿಯಾದರೆ ಬೇಗ ಹೂಗೊಂಚಲು ಎತ್ತಿ, ಎಲೆ ಕಹಿಯಾಗುತ್ತದೆ. ಹಾಗಾಗಿ ಮನೆಯಲ್ಲಿ ಅತಿ ತಂಪಾದ, ಬಿಸಿಲು ಬೀಳದ, ಒಂದು ಕಿಟಕಿ ಇರುವ ಮೂಲೆ ಹುಡುಕುವುದು ಫ್ಯಾನ್ ಖರೀದಿಗಿಂತ ಮುಂಚಿನ ಕೆಲಸ. ತಾರಸಿಯ ಕೆಳಗಿನ ಕೋಣೆ, ಪಶ್ಚಿಮದ ಗೋಡೆಗೆ ಅಂಟಿದ ಕೋಣೆ ಬೇಡವೇ ಬೇಡ.

ಎಷ್ಟು ಗಾಳಿ ಬೇಕು?

ಫ್ಯಾನಿನ ಗಾಳಿಯನ್ನು ಸಿಎಫ್‌ಎಂ ಅಂತ ಅಳೆಯುತ್ತಾರೆ. ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ದಾಟುತ್ತದೆ ಅನ್ನುವ ಲೆಕ್ಕ. ನಮ್ಮ ಕಡೆ ಸಿಗುವ ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಹೆಚ್ಚಾಗಿ ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆದಿರುತ್ತದೆ. ಅದನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ ಸಿಗುತ್ತದೆ.

ಎಲ್ಲರೂ ಹೇಳುವ ಸೂತ್ರ ಇದು: ಟೆಂಟಿನ ಗಾಳಿ ಒಂದೆರಡು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗಬೇಕು. ನನ್ನ ಟೆಂಟು 3 × 2 × 5, ಅಂದರೆ 30 ಘನ ಅಡಿ. ಹಾಗಾದರೆ 15ರಿಂದ 30 ಸಿಎಫ್‌ಎಂ ಸಾಕು. ಲೆಕ್ಕ ಸುಲಭ, ಆದರೆ ಇದರಲ್ಲಿ ಲೈಟಿನ ಬಿಸಿ ಸೇರಿಲ್ಲ. ಅದೇ ಟೆಂಟಿನಲ್ಲಿ 20 ವಾಟ್ ಉರಿಸುವವರಿಗೂ 150 ವಾಟ್ ಉರಿಸುವವರಿಗೂ ಒಂದೇ ಗಾಳಿ ಸಾಕಾಗುತ್ತಾ? ಇಲ್ಲ ಅಲ್ವಾ? ಎಲ್‌ಇಡಿಯಾದರೂ ಅಷ್ಟೇ, ಅದು ಎಳೆಯುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಟೆಂಟಿನೊಳಗೆ ಬಿಸಿಯಾಗಿಯೇ ಉಳಿಯುತ್ತದೆ.

ಅದಕ್ಕೇ ನಾನು ವಾಟಿನಿಂದ ಲೆಕ್ಕ ಶುರು ಮಾಡುತ್ತೇನೆ. ಲೈಟಿನ ವಾಟನ್ನು 1.8ರಿಂದ ಗುಣಿಸಿ. ಟೆಂಟ್ ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬಂದದ್ದು ಸಿಎಫ್‌ಎಂ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತುಸು ತೆಳು, ಹೊರುವ ಬಿಸಿಯೂ ಅಷ್ಟು ಕಡಿಮೆ. ಹಾಗಾಗಿ ಇಲ್ಲಿನವರು 1.8ರ ಬದಲು 2 ಅಂತ ಹಿಡಿದರೆ ಲೆಕ್ಕವೂ ಸಲೀಸು. ನನ್ನದು 60 ವಾಟ್. ನಾಲ್ಕು ಡಿಗ್ರಿ ಏರಿದರೆ ಸಹಿಸುತ್ತೇನೆ. 60 × 2 ÷ 4, ಅಂದರೆ 30 ಸಿಎಫ್‌ಎಂ. 20 ವಾಟಿನವರಿಗೆ 10 ಸಾಕು. 150 ವಾಟಿನವರಿಗೆ 75 ಬೇಕು. ಬಿಸಿಯ ಲೆಕ್ಕ, ಟೆಂಟಿನ ಅಳತೆಯ ಲೆಕ್ಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಇಟ್ಟುಕೊಳ್ಳಿ.

ಇನ್ನು ತೇವದ ಲೆಕ್ಕ. ಇದು ತಿಳಿದ ದಿನ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 25 ಡಿಗ್ರಿಯಲ್ಲಿ ನನ್ನ ಟೆಂಟಿನ ಗಾಳಿ ಪೂರ್ತಿ ತೇವ ಹೀರಿಕೊಂಡರೂ ಅದರಲ್ಲಿ ಹಿಡಿಯುವ ನೀರು ಸುಮಾರು 20 ಮಿಲಿ ಲೀಟರ್, ನಾಲ್ಕು ಟೀ ಚಮಚ ಅಷ್ಟೇ. ಗಿಡಗಳಿಗೆ ನಾನು ದಿನಕ್ಕೆ ಅರ್ಧ ಲೀಟರ್ ಹಾಕುತ್ತೇನೆ. ಅದರಲ್ಲಿ ಬಹುಪಾಲು ಎಲೆಯಿಂದಲೋ ಮಣ್ಣಿಂದಲೋ ಆವಿಯಾಗಿ ಆ ಗಾಳಿಗೇ ಸೇರಬೇಕು. ಗಾಳಿ ಹೊರಗೆ ಹೋಗದಿದ್ದರೆ ನಾಲ್ಕು ಚಮಚ ಆದ ಮೇಲೆ ಉಳಿದದ್ದು ಎಲ್ಲಿಗೆ ಹೋಗಬೇಕು? ಎಲೆಯ ಮೇಲೆ, ಫ್ಲೆಕ್ಸಿನ ಮೇಲೆ ಹನಿಯಾಗಿ ಕೂರುತ್ತದೆ. ರಾತ್ರಿ ಲೈಟ್ ಆರಿ ಟೆಂಟ್ ತಣ್ಣಗಾದಾಗ ಇದು ಇನ್ನೂ ಜಾಸ್ತಿ. ಆ ಬೆಳಿಗ್ಗೆ ನನ್ನ ಸಸಿಗಳು ಮಲಗಿದ್ದು ಇದರಿಂದಲೇ. ಲೈಟ್ ಆರಿದ ಮೇಲೆ ಫ್ಯಾನೂ ಆರಿಸುವುದು ನಾನು ನೋಡಿದ ಅತಿ ಸಾಮಾನ್ಯ ತಪ್ಪು.

ಬರೀ ತೂತು

ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿ ಇರುತ್ತಿತ್ತು. ಬಿಸಿ ಗಾಳಿ ಅದರಿಂದ ಹೊರಹೋಗುತ್ತಿತ್ತು, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು. ಟೆಂಟಿಗೂ ಅದನ್ನೇ ಮಾಡಬಹುದು. ಕೆಳಗೆ ಒಂದು ಕಡೆ ಕಿಂಡಿ, ಮೇಲೆ ಎದುರು ಕಡೆ ಕಿಂಡಿ. ಕರೆಂಟ್ ಬೇಡ, ಸದ್ದಿಲ್ಲ, ಕೆಡುವುದಿಲ್ಲ.

ಆದರೆ ಐದಡಿ ಎತ್ತರದಲ್ಲಿ ಈ ಎಳೆತ ತುಂಬಾ ಸಣ್ಣದು. ನಾಲ್ಕಿಂಚಿನ ಎರಡು ತೂತುಗಳಿದ್ದು, ಒಳಗೆ ಹೊರಗೆ ಐದು ಡಿಗ್ರಿ ಅಂತರವಿದ್ದರೂ ಸಾಗುವ ಗಾಳಿ ಸುಮಾರು 5 ಸಿಎಫ್‌ಎಂ. ಲೈಟ್ ಆರಿದ ಮೇಲೆ ಬಿಸಿಯೂ ಇಲ್ಲ, ಎಳೆತವೂ ಇಲ್ಲ. ಗಾಳಿ ಅತಿ ಬೇಕಾದ ಹೊತ್ತಲ್ಲೇ ಇದು ಕೈಕೊಡುತ್ತದೆ. ಮೈಕ್ರೋಗ್ರೀನ್ಸ್‌ನ (ಮೊಳೆತ ಕೆಲವೇ ದಿನಕ್ಕೆ ಕೊಯ್ಯುವ ಎಳೆ ಸೊಪ್ಪು) ಒಂದೆರಡು ಟ್ರೇ, 15-20 ವಾಟಿನ ಟ್ಯೂಬ್ ಲೈಟ್, ದಿನಕ್ಕೆರಡು ಸಲ ಜಿಪ್ ತೆಗೆದು ನೋಡುವ ಅಭ್ಯಾಸ ಇರುವವರಿಗೆ ಇದು ಸಾಕು. ಅದಕ್ಕಿಂತ ಮೇಲೆ ಹೋದರೆ ಸಾಲದು.

ಕಂಪ್ಯೂಟರ್ ಫ್ಯಾನ್

ನನ್ನ ಆಯ್ಕೆ ಇದು. ಈ ಅಳತೆಯ ಟೆಂಟ್ ಕಟ್ಟುವ ಹೆಚ್ಚಿನವರಿಗೂ ನಾನು ಹೇಳುವುದು ಇದನ್ನೇ. 120 ಮಿಲಿ ಮೀಟರಿನ, 12 ವೋಲ್ಟಿನ ಫ್ಯಾನ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಹೊಸದೇ ಸಿಗುತ್ತದೆ. ಬೇರೆ ಊರಲ್ಲಾದರೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿ. ಮನೆಯಲ್ಲಿ ಹಳೆಯ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಬಿದ್ದಿದ್ದರೆ ಅದರಲ್ಲೇ ಓಡುತ್ತದೆ. ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಮೂರನೇ ತಂತಿ ವೇಗ ತಿಳಿಸುವುದಕ್ಕೆ ಇರುವುದು, ಅದಕ್ಕೆ ಟೇಪ್ ಸುತ್ತಿ ಬಿಡಿ.

ಇದು ಎಳೆಯುವುದು ಮೂರು ವಾಟ್ ಆಸುಪಾಸು. ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ. ಒದ್ದೆ ಕೈಯಲ್ಲಿ ಮುಟ್ಟುವ ಜಾಗದಲ್ಲಿ 230 ವೋಲ್ಟ್ ಇರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ನನಗೆ ಇದು ಗಾಳಿಯಷ್ಟೇ ಮುಖ್ಯ. ಸದ್ದು ಜಾಸ್ತಿ ಅನ್ನಿಸಿದರೆ 9 ವೋಲ್ಟಿನ ಅಡಾಪ್ಟರ್ ಹಾಕಿ, ವೇಗವೂ ಸದ್ದೂ ಇಳಿಯುತ್ತವೆ. ಇನ್ನೊಂದು ಅನುಕೂಲ ಕರೆಂಟ್ ಹೋದಾಗ ಗೊತ್ತಾಗುತ್ತದೆ. ರೂಟರಿಗೆ ಅಂತ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್‌ನಲ್ಲಿ ಈ ಫ್ಯಾನ್ ಗಂಟೆಗಟ್ಟಲೆ ಓಡುತ್ತದೆ.

ಇದರ ದೌರ್ಬಲ್ಯ ತಳ್ಳುವ ಬಲ. ಡಬ್ಬದ ಮೇಲೆ 50-60 ಸಿಎಫ್‌ಎಂ ಅಂತ ಇರುತ್ತದೆ. ಅದು ಮುಂದೆ ಹಿಂದೆ ಏನೂ ಅಡ್ಡವಿಲ್ಲದಾಗಿನ ಲೆಕ್ಕ. ಜಾಲರಿ, ಪೈಪು, ಒಂದು ತಿರುವು ಸೇರಿದರೆ ಅರ್ಧಕ್ಕೆ ಇಳಿದರೂ ಅಚ್ಚರಿಯಿಲ್ಲ. ಹಾಗಾಗಿ ಖರೀದಿಸುವಾಗ ಸ್ಟ್ಯಾಟಿಕ್ ಪ್ರೆಷರ್, ಅಂದರೆ ಅಡ್ಡವಿದ್ದರೂ ಗಾಳಿ ತಳ್ಳುವ ಬಲ, ಎಷ್ಟು ಅಂತ ನೋಡಿ. ಅಗಲ ರೆಕ್ಕೆಯ, ರೆಕ್ಕೆಗಳ ನಡುವೆ ಸಂದಿ ಕಡಿಮೆ ಇರುವ ಫ್ಯಾನ್ ಇಂಥ ಕೆಲಸಕ್ಕೆ ಒಳ್ಳೆಯದು. ಪೈಪ್ ಮೂರಡಿಗಿಂತ ಉದ್ದ ಬೇಡ.

ನಿಜವಾಗಿ ಎಷ್ಟು ಗಾಳಿ ಬರುತ್ತಿದೆ ಅಂತ ಮನೆಯಲ್ಲೇ ಅಳೆಯಬಹುದು. ತೆಳ್ಳನೆಯ ದೊಡ್ಡ ಕಸದ ಚೀಲ ತಗೊಳ್ಳಿ. ಗಾಳಿ ತುಂಬಿಸಿ ರಟ್ಟಿನ ಪೆಟ್ಟಿಗೆಯೊಳಗೆ ಕೂರಿಸಿ ನೋಡಿದರೆ ಅದರಲ್ಲಿ ಎಷ್ಟು ಘನ ಅಡಿ ಹಿಡಿಯುತ್ತದೆ ಅಂತ ಅಂದಾಜು ಸಿಗುತ್ತದೆ. ನನ್ನದು ಎರಡು ಘನ ಅಡಿ. ಚೀಲವನ್ನು ಪೂರ್ತಿ ಚಪ್ಪಟೆ ಮಾಡಿ, ಗಾಳಿ ಹೊರಬರುವ ಬಾಯಿಗೆ ಹಿಡಿದು, ಮೊಬೈಲಿನಲ್ಲಿ ವಿಡಿಯೋ ಮಾಡಿ. ನನ್ನ ಚೀಲ ಉಬ್ಬಲು ಐದು ಸೆಕೆಂಡ್ ತಗೊಂಡಿತು. ಎರಡು ಘನ ಅಡಿ ಐದು ಸೆಕೆಂಡಿಗೆ, ಅಂದರೆ ನಿಮಿಷಕ್ಕೆ 24. ಬೇಕಾದ 30 ಬರುತ್ತಿರಲಿಲ್ಲ. ಥರ್ಮಾಮೀಟರೂ ಅದನ್ನೇ ಹೇಳುತ್ತಿತ್ತು: ಕೋಣೆ 27, ಟೆಂಟು 32.

ತಪ್ಪು ಫ್ಯಾನಿನದ್ದಲ್ಲ. ಗಾಳಿ ಒಳಬರುವ ಕಿಂಡಿ ಸಣ್ಣದಾಗಿತ್ತು. ನಾಲ್ಕಿಂಚಿನ ಒಂದೇ ತೂತು, ಅದಕ್ಕೂ ನುಣ್ಣನೆಯ ಸೊಳ್ಳೆ ಜಾಲರಿ. ಫ್ಯಾನ್ ಓಡುವಾಗ ಟೆಂಟಿನ ಗೋಡೆಗಳು ಒಳಕ್ಕೆ ಎಳೆದುಕೊಂಡು ಹೊಟ್ಟೆ ಹಸಿದವರ ಹಾಗೆ ಕಾಣುತ್ತಿದ್ದವು. ಕೆಳಗೆ ಒಂದಡಿ ಉದ್ದ, ನಾಲ್ಕಿಂಚು ಎತ್ತರದ ಪಟ್ಟಿಯನ್ನೇ ಕತ್ತರಿಸಿ ತೆಗೆದು, ಅದಕ್ಕೆ ಜಾಲರಿ ಹೊಲಿದೆ. ಅದೇ ಚೀಲ ಮೂರೂವರೆ ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 34. ಟೆಂಟು ಒಂದೂವರೆ ಡಿಗ್ರಿ ಇಳಿಯಿತು. ಖರ್ಚು ಒಂದು ತುಂಡು ಜಾಲರಿಯದ್ದು ಮಾತ್ರ. ಫ್ಯಾನ್ ಬದಲಿಸಲು ಹೊರಟವರೆಲ್ಲ ಮೊದಲು ಈ ಕಿಂಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಒಳಬರುವ ಕಿಂಡಿ ಫ್ಯಾನಿನ ಬಾಯಿಗಿಂತ ಎರಡು ಪಟ್ಟಾದರೂ ಇರಲಿ, ಜಾಲರಿ ಇದ್ದರೆ ಮೂರು ಪಟ್ಟು. ಗೋಡೆ ತುಸು ಒಳಕ್ಕೆ ಬಾಗಿದ್ದರೆ ಸರಿ, ಜೋರಾಗಿ ಅಂಟಿಕೊಂಡಿದ್ದರೆ ಕಿಂಡಿ ಸಾಲದು.

ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್

ಆರಿಂಚಿನ ಪ್ಲಾಸ್ಟಿಕ್ ಫ್ಯಾನ್. ಯಾವ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಕೆಟ್ಟರೆ ಮಾರನೇ ದಿನವೇ ಬದಲಿಸಬಹುದು. ಗಾಳಿ ಧಾರಾಳ, ನೂರು ಸಿಎಫ್‌ಎಂ ದಾಟುತ್ತದೆ. ನಾಲ್ಕಡಿ ಅಗಲ, ನಾಲ್ಕಡಿ ಉದ್ದದ ಟೆಂಟಿಗೆ, 120-150 ವಾಟ್ ಲೈಟಿಗೆ ಇದು ಅಗ್ಗದ ಪರಿಹಾರ.

ಸಣ್ಣ ಟೆಂಟಿಗೆ ಮಾತ್ರ ಇದು ಹಿಡಿಸಲಿಲ್ಲ. ಸದ್ದು ಜಾಸ್ತಿ. ವೇಗ ಇಳಿಸುವುದು ಕಷ್ಟ, ಗೋಡೆಯ ಸೀಲಿಂಗ್ ಫ್ಯಾನ್ ರೆಗ್ಯುಲೇಟರಿಗೆ ಜೋಡಿಸಿದರೆ ಮೋಟರ್ ಗುಂಯ್‌ಗುಡುತ್ತದೆ. ಗೋಡೆಯ ತೂತಿನಲ್ಲಿ ಕೂತು ನೇರ ಹೊರಗೆ ಊದಲು ಮಾಡಿದ್ದು ಇದು, ಉದ್ದ ಪೈಪು ಸಿಕ್ಕಿಸಿದರೆ ಸೋಲುತ್ತದೆ. ಎಳೆಯ ಸಸಿಗಳಿರುವ ಟ್ರೇ ಒಂದೇ ಮಧ್ಯಾಹ್ನದಲ್ಲಿ ಒಣಗಿ ಬಿರುಕು ಬಿಟ್ಟಿದ್ದನ್ನು ಕಂಡಿದ್ದೇನೆ. ಹಾಕುವುದಾದರೆ ಹದಿನೈದು ನಿಮಿಷ ಓಡಿ ಹದಿನೈದು ನಿಮಿಷ ನಿಲ್ಲುವ ಟೈಮರ್ ಹಾಕಿ, ಮೂರು ಪಿನ್ನಿನ ಅರ್ತಿಂಗ್ ಇರುವ ಪ್ಲಗ್ಗಿಗೇ ಕೊಡಿ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಇದೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ಇನ್‌ಲೈನ್ ಡಕ್ಟ್ ಫ್ಯಾನ್

ಪೈಪಿನ ನಡುವೆಯೇ ಕೂರುವ ನಾಲ್ಕಿಂಚಿನ ಫ್ಯಾನ್. ಬೆಲೆ ಸಾವಿರಗಳಲ್ಲಿ. ವಿದ್ಯುತ್ತು 30 ವಾಟ್ ಆಸುಪಾಸು, ದಿನವಿಡೀ ಓಡಿದರೆ ತಿಂಗಳಿಗೆ 20 ಯೂನಿಟ್ ದಾಟುತ್ತದೆ. ಇದರ ಶಕ್ತಿ ಇರುವುದು ತಳ್ಳುವ ಬಲದಲ್ಲಿ. ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯ ಕಿಟಕಿಯವರೆಗೆ ಎಂಟು-ಹತ್ತಡಿ ಪೈಪು ಎಳೆಯಲೇಬೇಕು, ಎರಡು ಕಡೆ ತಿರುವೂ ಇದೆ ಅನ್ನುವವರಿಗೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಯಾರಿಗಾದರೂ ವಾಸನೆ ಆಗದು ಅಂತ ಕಾರ್ಬನ್ ಫಿಲ್ಟರ್ ಹಾಕುವವರಿಗೂ ಇದೇ ಬೇಕು, ಕಂಪ್ಯೂಟರ್ ಫ್ಯಾನ್ ಆ ಫಿಲ್ಟರನ್ನು ದಾಟಿಸಲಾರದು. ಆದರೆ ಪುದೀನ, ಬೇಸಿಲ್ ವಾಸನೆಗೆ ಫಿಲ್ಟರ್ ಯಾಕೆ? ಸುಮ್ನೆ ಖರ್ಚು. ಅದನ್ನು ಬಿಟ್ಟರೆ ಅರ್ಧ ಜನರಿಗೆ ಇನ್‌ಲೈನ್ ಫ್ಯಾನಿನ ಅಗತ್ಯವೇ ಬೀಳುವುದಿಲ್ಲ.

ಕೊಳ್ಳುವುದಾದರೆ ವೇಗ ಹೆಚ್ಚು ಕಡಿಮೆ ಮಾಡಬಲ್ಲ, ಡಿಸಿ ಮೋಟರಿನದ್ದು ಕೊಳ್ಳಿ. ದೊಡ್ಡ ಫ್ಯಾನನ್ನು ನಿಧಾನ ಓಡಿಸುವುದು ಸಣ್ಣ ಫ್ಯಾನನ್ನು ಪೂರ್ತಿ ಓಡಿಸುವುದಕ್ಕಿಂತ ನಿಶ್ಶಬ್ದ. ನೇರ ಚೌಕಟ್ಟಿಗೆ ಕಟ್ಟದೆ ಬಟ್ಟೆಯ ಪಟ್ಟಿಯಲ್ಲಿ ನೇತುಹಾಕಿದರೆ ಕಂಪನ ಪೈಪಿಗೆ ಇಳಿಯುವುದಿಲ್ಲ.

ಎಳೆಯುವುದೋ, ಊದುವುದೋ?

ಇರುವುದು ಒಂದೇ ಫ್ಯಾನ್ ಆದರೆ ಮೇಲೆ ಹಾಕಿ, ಹೊರಕ್ಕೆ ಎಳೆಯಲಿ. ಲೈಟಿಗಿಂತಲೂ ಮೇಲೆ. ಬಿಸಿ ಗಾಳಿ ತಾನಾಗಿಯೇ ಅಲ್ಲಿ ಸೇರಿರುತ್ತದೆ. ಕೆಳಗಿನಿಂದ ಒಳಕ್ಕೆ ಊದಿದರೆ ಗಾಳಿ ಹತ್ತಿರದ ಗಿಡಕ್ಕೆ ಬಡಿದು, ಜಿಪ್ಪಿನ ಸಂದಿಯಲ್ಲೇ ಹೊರಬೀಳುತ್ತದೆ, ಮೇಲಿನ ಬಿಸಿ ಮೇಲೇ ಉಳಿಯುತ್ತದೆ. ಊದುವುದರಿಂದ ಒಂದು ಲಾಭ ಇದೆ: ಒಳಬರುವ ಗಾಳಿಯನ್ನೆಲ್ಲ ಒಂದೇ ಜಾಲರಿಯಿಂದ ಸೋಸಬಹುದು, ಸಂದಿಗಳಿಂದ ಬಿಳಿನೊಣ, ಥ್ರಿಪ್ಸ್ ನುಸುಳುವುದು ಕಡಿಮೆ. ಬಾಲ್ಕನಿಯಲ್ಲಿ ಗುಲಾಬಿ, ಮೆಣಸಿನಗಿಡ ಇಟ್ಟು ಕೀಟದ ಕಾಟ ಅನುಭವಿಸಿದವರು ಇದನ್ನು ಯೋಚಿಸಬಹುದು. ಉಳಿದವರಿಗೆ ಎಳೆಯುವುದೇ ಸರಿ.

ಕಿಂಡಿ ಮತ್ತು ಫ್ಯಾನ್ ಒಂದೇ ಬದಿಯಲ್ಲಿ ಇರಬಾರದು. ಇದನ್ನು ಕಣ್ಣಾರೆ ನೋಡಲು ಒಂದು ಊದಿನಕಡ್ಡಿ ಸಾಕು. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಟೆಂಟಿನ ಫ್ಯಾನ್ ಹಾಕಿ, ಕೆಳಗಿನ ಕಿಂಡಿಯ ಹತ್ತಿರ ಹಚ್ಚಿದ ಕಡ್ಡಿ ಹಿಡಿಯಿರಿ. ಫ್ಲೆಕ್ಸಿಗೆ ಕಿಡಿ ತಾಗದಂತೆ ಒಂದು ಗೇಣು ದೂರ ಇರಲಿ. ಹೊಗೆಯ ಎಳೆ ಮೊದಲು ನೇರ ಏರುತ್ತದೆ, ಆಮೇಲೆ ಥಟ್ಟನೆ ಬಾಗಿ ಒಳಗೆ ಹರಿಯುತ್ತದೆ. ಜಿಪ್ ತುಸುವೇ ತೆರೆದು ಟಾರ್ಚ್ ಬಿಟ್ಟು ನೋಡಿ. ನನ್ನ ಮೊದಲ ಜೋಡಣೆಯಲ್ಲಿ ಹೊಗೆ ಕಿಂಡಿಯಿಂದ ಬಂದು ಅದೇ ಗೋಡೆ ಹಿಡಿದು ಸೀದಾ ಫ್ಯಾನಿಗೆ ಏರಿಬಿಡುತ್ತಿತ್ತು. ಎದುರು ಮೂಲೆಯ ಪುದೀನದ ಬಳಿ ಒಂದೆಳೆಯೂ ಸುಳಿಯಲಿಲ್ಲ. ಬೂದಿ ರೋಗ ಯಾವಾಗಲೂ ಆ ಮೂಲೆಯಿಂದಲೇ ಯಾಕೆ ಶುರುವಾಗುತ್ತಿತ್ತು ಅಂತ ಅವತ್ತು ಅರ್ಥವಾಯಿತು. ಕಿಂಡಿಯನ್ನು ಎದುರು ಬದಿಗೆ ಬದಲಿಸಿದೆ, ಹೊಗೆ ಈಗ ಗಿಡಗಳ ನಡುವಿನಿಂದ ಓರೆಯಾಗಿ ಏರುತ್ತದೆ.

ಒಳಗಿನ ಪುಟ್ಟ ಫ್ಯಾನ್

"ಒಳಗೊಂದು ಕ್ಲಿಪ್ ಫ್ಯಾನ್ ಇದೆ, ಸಾಲದಾ?" ಅಂತ ಕೇಳುತ್ತಾರೆ. ಸಾಲದು. ಅದು ಇದ್ದ ಗಾಳಿಯನ್ನೇ ಕಲಕುತ್ತದೆ, ಬಿಸಿಯನ್ನೂ ತೇವವನ್ನೂ ಹೊರಗೆ ಹಾಕುವುದಿಲ್ಲ. ಹಾಗಂತ ಬಿಡಲೂ ಬಾರದು. ಎಲೆಯ ಮೈಗೆ ಅಂಟಿದಂತೆ ತೇವದ ಗಾಳಿಯ ತೆಳು ಪದರ ಇರುತ್ತದೆ. ಅದು ಸರಿದರೆ ಮಾತ್ರ ಎಲೆ ಚೆನ್ನಾಗಿ ಆವಿ ಬಿಡುತ್ತದೆ, ಬೇರು ನೀರನ್ನು ಮೇಲೆಳೆಯುತ್ತದೆ, ಆ ನೀರಿನ ಜೊತೆ ಕ್ಯಾಲ್ಸಿಯಂ ಮೇಲೇರುತ್ತದೆ. ಲೆಟ್ಯೂಸಿನ ಒಳಗಿನ ಎಳೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗುವುದನ್ನು ನೋಡಿರಬಹುದು. ಎಷ್ಟೋ ಜನ ಗೊಬ್ಬರ ಸಾಲದು ಅಂತ ಇನ್ನಷ್ಟು ಸುರಿಯುತ್ತಾರೆ. ಹೆಚ್ಚಿನ ಸಲ ಸಾಲದ್ದು ಗೊಬ್ಬರವಲ್ಲ, ಗಾಳಿ. ಮಡಚಿಕೊಂಡ ಎಳೆ ಎಲೆಗೆ ಗಾಳಿ ತಾಗದೆ ಕ್ಯಾಲ್ಸಿಯಂ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಹಸಿರುಮನೆಯ ಲೆಟ್ಯೂಸಿಗೆ ಮೇಲಿನಿಂದ ಕೆಳಕ್ಕೆ ಊದುವ ಫ್ಯಾನ್ ಹಾಕಲು ಹೇಳುವುದು ಇದಕ್ಕೇ.

ಯುಎಸ್‌ಬಿಯ ನಾಲ್ಕಿಂಚಿನ ಫ್ಯಾನ್ ಸಾಕು. ಮೂಲೆಯ ಪೈಪಿಗೆ ಎತ್ತರದಲ್ಲಿ ಕಟ್ಟಿ, ಗೋಡೆಗೆ ಬಡಿದು ಗಿಡದ ಕಡೆ ಬರುವ ಹಾಗೆ ತಿರುಗಿಸಿ. ಎಲೆ ಮೆಲ್ಲಗೆ ನಡುಗಬೇಕು, ಬಾಗಬಾರದು. ಸಸಿಗಳಿಗೆ ಇದರಿಂದ ಕಾಂಡವೂ ಗಟ್ಟಿಯಾಗುತ್ತದೆ, ಹೊರಗೆ ನೆಟ್ಟಾಗ ಬಾಲ್ಕನಿಯ ಗಾಳಿಗೆ ಬೀಳುವುದಿಲ್ಲ.

ಹೊರಗೆ ಹಾಕಿದ ಗಾಳಿ ಎಲ್ಲಿಗೆ ಹೋಗಬೇಕು?

20-60 ವಾಟ್ ಇದ್ದು, ಕೋಣೆಯ ಬಾಗಿಲು ತೆರೆದೇ ಇರುತ್ತದೆ ಅಂದರೆ ಕೋಣೆಗೇ ಬಿಟ್ಟರೂ ನಡೆಯುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಾದರೆ ಬೇಡ. ಟೆಂಟ್ ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಗಂಟೆ ಗಂಟೆಗೂ ಕೋಣೆ ಏರುತ್ತದೆ, ಮಳೆಗಾಲದಲ್ಲಿ ಕೋಣೆಯ ಗೋಡೆಗೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆಗ ಕಿಟಕಿಯ ಕಡೆ ಪೈಪು ಬಿಡಿ. ಅಡುಗೆಮನೆಯ ಚಿಮಣಿಗೆ ಹಾಕುವ ಅಲ್ಯೂಮಿನಿಯಂ ಸುರುಳಿ ಪೈಪು ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಪೂರ್ತಿ ಎಳೆದು ನೆಟ್ಟಗೆ ಮಾಡಿ. ಸುಕ್ಕು ಇದ್ದಷ್ಟೂ ಗಾಳಿಗೆ ತಡೆ. ನಾನು ಹಾಕಿದ್ದು ಪ್ಲಂಬಿಂಗ್ ಅಂಗಡಿಯ 110 ಮಿಲಿ ಮೀಟರ್ ಪಿವಿಸಿ ಪೈಪು. ಒಳಗೋಡೆ ನುಣುಪು, ಗಾಳಿ ಸಲೀಸಾಗಿ ಹೋಗುತ್ತದೆ. ಕಿಟಕಿಯ ತುದಿ ತುಸು ಕೆಳಕ್ಕೆ ವಾಲಿರಲಿ, ಇಲ್ಲದಿದ್ದರೆ ಮಳೆ ನೀರು ಪೈಪಿನಲ್ಲಿ ಹರಿದು ಫ್ಯಾನಿಗೇ ಬರುತ್ತದೆ.

ಊರು ಬದಲಾದರೆ

ನಮ್ಮ ಅಕ್ಕ ಮಂಗಳೂರಿನಲ್ಲಿದ್ದಾಳೆ. ನನ್ನ ಟೆಂಟ್ ನೋಡಿ ಹೋಗಿ ಅದೇ ಅಳತೆಯದ್ದು ಕಟ್ಟಿದಳು, ಅದೇ ಫ್ಯಾನ್. ಜುಲೈನಲ್ಲಿ ಫೋನ್ ಮಾಡಿ, "ಫ್ಯಾನ್ ದಿನವಿಡೀ ಓಡ್ತಾ ಉಂಟು ಮಾರಾಯ, ಆದ್ರೂ ಎಲೆ ಎಲ್ಲ ಒದ್ದೆ" ಅಂದಳು. ಅಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು. ಎಷ್ಟು ಗಾಳಿ ಒಳಗೆ ತಂದರೂ ಬರುವುದು ಅದೇ ಒದ್ದೆ ಗಾಳಿ. ಅಲ್ಲಿ ಲೈಟಿನ ಬಿಸಿಯೇ ಉಪಕಾರಿ. 28 ಡಿಗ್ರಿಯ, ಶೇಕಡಾ 90 ತೇವದ ಗಾಳಿಯನ್ನು ಮೂರು ಡಿಗ್ರಿ ಬಿಸಿ ಮಾಡಿದರೆ ತೇವದ ಪ್ರಮಾಣ ಶೇಕಡಾ 76ಕ್ಕೆ ಇಳಿಯುತ್ತದೆ. ಹಾಗಾಗಿ ಅವಳಿಗೆ ಹೇಳಿದ್ದು ನನ್ನ ಅಭ್ಯಾಸಕ್ಕೆ ತಿರುಗುಮುರುಗು: ಎಳೆಯುವ ಫ್ಯಾನ್ 9 ವೋಲ್ಟಿಗೆ ಇಳಿಸು, ಒಳಗಿನ ಕಲಕುವ ಫ್ಯಾನ್ ಒಂದರ ಬದಲು ಎರಡು ಮಾಡು, ನೀರು ಲೈಟ್ ಹತ್ತುವ ಹೊತ್ತಿಗೆ ಮಾತ್ರ ಹಾಕು, ಲೈಟನ್ನು ರಾತ್ರಿ ಉರಿಸಿ ಹಗಲು ಆರಿಸು. ರಾತ್ರಿ ಕೋಣೆ ತಂಪಾಗಿ ತೇವ ಏರುವ ಹೊತ್ತಿಗೆ ಲೈಟಿನ ಬಿಸಿ ಇರುತ್ತದೆ. ಡಿಹ್ಯುಮಿಡಿಫೈಯರ್ ಹಾಕುವುದಾದರೆ ಟೆಂಟಿನೊಳಗೆ ಬೇಡ, ಕೋಣೆಯಲ್ಲಿಡಿ. ಅದು ತೇವ ತೆಗೆಯುತ್ತಾ ತಾನೇ ಬಿಸಿ ಉಗುಳುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಕಥೆಯೇ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಗಾಳಿ ಒಣ. ಅಲ್ಲಿ ಫ್ಯಾನಿಗಿಂತ ಲಾವಂಚ ದೊಡ್ಡದು. ಒಳಬರುವ ಕಿಂಡಿಯನ್ನು ಅಗಲ ಮಾಡಿ, ಅದರ ಮುಂದೆ ಒದ್ದೆ ಲಾವಂಚದ ತೆಳು ಪರದೆ ಕಟ್ಟಿದರೆ ಬರುವ ಗಾಳಿ ಆರೇಳು ಡಿಗ್ರಿಯಾದರೂ ತಂಪಾಗುತ್ತದೆ, ಬೇಕಾದ ತೇವವೂ ಸೇರುತ್ತದೆ. ಮಂಗಳೂರಿನಲ್ಲಿ ಇದೇ ಪರದೆ ಕಟ್ಟಿದರೆ ಕೆಡುಕೇ ಹೊರತು ಲಾಭವಿಲ್ಲ. ಪರದೆ ದಪ್ಪವಾದರೆ ಕಂಪ್ಯೂಟರ್ ಫ್ಯಾನ್ ಎಳೆಯಲಾರದು, ಅಲ್ಲಿ ಇನ್‌ಲೈನ್ ಫ್ಯಾನಿಗೆ ಅರ್ಥವಿದೆ. ಮನೆಯಲ್ಲಿ ಕೂಲರ್ ಇದ್ದರೆ ಇನ್ನೂ ಸುಲಭ, ಟೆಂಟನ್ನು ಕೂಲರ್ ಇರುವ ಕೋಣೆಗೇ ಇಡಿ. ಪರದೆಯ ಕೆಳಗೆ ನೀರು ನಿಲ್ಲುವ ತಟ್ಟೆ ಇದ್ದರೆ ಎರಡು ದಿನಕ್ಕೊಮ್ಮೆ ಚೆಲ್ಲಿ ಒರೆಸಿ, ಸೊಳ್ಳೆ ಮರಿ ಆಗಬಾರದು. ಆ ಬಿಸಿಲಿನ ಎರಡು ತಿಂಗಳು ಲೆಟ್ಯೂಸಿನ ಹಟ ಬಿಟ್ಟು ಪುಂಡಿ, ರಾಜಗಿರಿ ಹಾಕಿದರೆ ಗಿಡಕ್ಕೂ ಸುಖ, ಕರೆಂಟ್ ಬಿಲ್ಲಿಗೂ ಸುಖ.

ಬೆಂಗಳೂರು, ಮೈಸೂರು, ಹಾಸನದವರು ಪುಣ್ಯವಂತರು. ವರ್ಷದಲ್ಲಿ ಒಂಬತ್ತು-ಹತ್ತು ತಿಂಗಳು ಕೋಣೆಯ ಗಾಳಿಯೇ ಗಿಡಕ್ಕೆ ಹಿತವಾಗಿರುತ್ತದೆ. ಇಲ್ಲಿ ಕಂಪ್ಯೂಟರ್ ಫ್ಯಾನಿಗಿಂತ ಮೇಲಕ್ಕೆ ಹೋಗಲು ಲೈಟ್ 80-100 ವಾಟ್ ದಾಟಬೇಕು, ಇಲ್ಲವೇ ಪೈಪು ಉದ್ದವಾಗಬೇಕು.

ಫ್ಯಾನ್ ತಾನಾಗಿ ಹತ್ತಿ ಆರಲಿ ಅನ್ನುವವರಿಗೆ 12 ವೋಲ್ಟಿನ ಪುಟ್ಟ ಡಿಜಿಟಲ್ ಥರ್ಮೋಸ್ಟಾಟ್ ಬೋರ್ಡ್ ಅಗ್ಗಕ್ಕೆ ಸಿಗುತ್ತದೆ. ನಾನೂ ಹಾಕಿದ್ದೆ, ತೆಗೆದೆ. ಅದು ನೋಡುವುದು ಬಿಸಿಯನ್ನು ಮಾತ್ರ. ತಂಪಾದ ಮಳೆಗಾಲದ ರಾತ್ರಿ ತೇವ ಶೇಕಡಾ 95 ಆದರೂ ಅದು ಸುಮ್ಮನೆ ಕೂರುತ್ತದೆ. ಈಗ ಫ್ಯಾನ್ 24 ಗಂಟೆಯೂ ಓಡುತ್ತದೆ. ಬದಲಿಗೆ ತಾಪ, ತೇವ ಎರಡನ್ನೂ ತೋರಿಸುವ ಸಣ್ಣ ಮೀಟರನ್ನು ಗಿಡದ ಎತ್ತರದಲ್ಲಿ, ಲೈಟ್ ನೇರ ಬೀಳದ ಹಾಗೆ ಎಲೆಯ ಮರೆಯಲ್ಲಿ ನೇತುಹಾಕಿದ್ದೇನೆ. ಬೆಳಿಗ್ಗೆ ಲೈಟ್ ಹತ್ತುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡುತ್ತೇನೆ. ಬೆಳಗಿನ ತೇವ ಶೇಕಡಾ 80ರ ಒಳಗೆ, ಮಧ್ಯಾಹ್ನದ ಟೆಂಟು ಕೋಣೆಗಿಂತ ನಾಲ್ಕು ಡಿಗ್ರಿಯ ಒಳಗೆ ಇದ್ದರೆ ಯಾವುದಕ್ಕೂ ಕೈ ಹಾಕುವುದಿಲ್ಲ. ನಾಲ್ಕು ದಾಟಿದ ದಿನ ಮೊದಲು ನೋಡುವುದು ಕೆಳಗಿನ ಜಾಲರಿಯನ್ನು. ನಮ್ಮ ರಸ್ತೆಯ ಧೂಳಿಗೆ ಅದು ತಿಂಗಳೊಳಗೆ ಬೂದು ಬಟ್ಟೆಯ ಹಾಗಾಗುತ್ತದೆ. ಬಿಚ್ಚಿ, ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ ಹಾಕಿದರೆ ಚೀಲ ಮತ್ತೆ ಮೂರೂವರೆ ಸೆಕೆಂಡಿಗೆ ತುಂಬುತ್ತದೆ.